ಚಳಿಗಾಲದ ಸವಾರಿ: ಮಾತು ನಿಲ್ಲದಷ್ಟು ವೇಗ

ದೇಹವನ್ನು ದೇಗುಲವೆಂದು ಕಂಡ ಶರಣ ಪರಂಪರೆಗೆ ದೇಹದ ಆರೈಕೆ ಹೊರಗಿನ ವಿಷಯವಲ್ಲ. ಕಾಯಕ ನಡೆಯಬೇಕಾದರೆ ಕಾಯ ಗಟ್ಟಿಯಾಗಿರಬೇಕು. ಆದರೆ ನಗರವಾಸಿಗಳಾದ ನಮ್ಮಲ್ಲಿ ಅನೇಕರ ಕಾಯಕ ಇಂದು ಕುರ್ಚಿಯ ಮೇಲೆಯೇ ಸಾಗುತ್ತದೆ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ತಿಳಿಸಿದೆ. ದಿನಕ್ಕೆ ಅರ್ಧ ಗಂಟೆಯಂತೆ ವಾರದಲ್ಲಿ ಐದು ದಿನ ಸೈಕಲ್ ತುಳಿದರೆ ಇದರ ಕನಿಷ್ಠ ಪ್ರಮಾಣ ಪೂರ್ಣವಾಗುತ್ತದೆ.

ಧಾರವಾಡದ ನಮ್ಮ ಮಿತ್ರರೊಬ್ಬರು ಈ ಚಳಿಗಾಲದಲ್ಲಿ ಹೊಸ ಮೌಂಟೇನ್ ಬೈಕ್ ಕೊಂಡರು. ಐವತ್ತು ದಾಟಿದ ಅವರಿಗೆ ಸಕ್ಕರೆ ಕಾಯಿಲೆಯಿದೆ. ಔಷಧದೊಂದಿಗೆ ವ್ಯಾಯಾಮವೂ ಬೇಕೆಂಬುದು ವೈದ್ಯರ ಸಲಹೆ. ಈ ಬಗೆಯ ಸೈಕಲ್ 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಬೆಟ್ಟದ ಹಾದಿಗಳಲ್ಲಿ ರೂಪುಗೊಂಡದ್ದು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಅದರ ಸ್ಪರ್ಧೆಯೂ ಸೇರ್ಪಡೆಯಾಯಿತು. ಅಗಲವಾದ ಹಲ್ಲುಟಯರು, ಮುಂಭಾಗದ ಸಸ್ಪೆನ್ಷನ್, ಏರು ಹತ್ತಲು ಹಗುರ ಗೇರು ಇವು ಅದರ ಲಕ್ಷಣ. ನಮ್ಮ ಊರುಗಳ ತಗ್ಗು ಗುಂಡಿಗಳಿಗೂ ರಸ್ತೆಯುಬ್ಬುಗಳಿಗೂ ಇದು ಒಗ್ಗುತ್ತದೆ. ಆದರೆ ಡಾಂಬರು ರಸ್ತೆಯಲ್ಲಿ ಅಂಥ ಟಯರಿಗೆ ಹೆಚ್ಚು ಶಕ್ತಿ ಬೇಕು. ತೆಳುಟಯರಿನ ಸೈಕಲ್ಲಿಗೆ ಸರಿಗಟ್ಟಲು ಹೊರಟವರು ಬೇಗ ದಣಿಯುತ್ತಾರೆ.

ಒಂದು ರವಿವಾರ ಕರ್ನಾಟಕ ಕಾಲೇಜಿನ ಬಳಿಯಿಂದ ಸಾಧನಕೇರಿಯ ಮಾರ್ಗವಾಗಿ ಕೆಲಗೇರಿ ಕೆರೆಯವರೆಗೆ ನಾವು ಅವರೊಡನೆ ಹೋಗಿಬಂದೆವು. ಮರಳುವಾಗ ಏರಿನಲ್ಲಿ ಅವರು ಭಾರದ ಗೇರಿನಲ್ಲಿಯೇ ಎದ್ದುನಿಂತು ತುಳಿಯತೊಡಗಿದರು. ಅದುವರೆಗೆ ನಡೆದಿದ್ದ ಮಾತು ಒಮ್ಮೆಲೇ ನಿಂತಿತು. ಸ್ವಲ್ಪ ದೂರದಲ್ಲಿ ಕೆಳಗಿಳಿದು, "ಒಂದೀಟು ನಿಂದ್ರೂಣ್ರಿ, ಉಸಿರು ಸಾಲವಲ್ದು" ಎಂದರು. ಎದೆನೋವಾಗಲಿ ತಲೆಸುತ್ತಾಗಲಿ ಇರಲಿಲ್ಲ. ಹತ್ತು ನಿಮಿಷ ಮರದ ನೆರಳಿನಲ್ಲಿ ಕುಳಿತು, ನೀರು ಕುಡಿದು, ಹಗುರ ಗೇರಿನಲ್ಲಿ ನಿಧಾನವಾಗಿ ಮುಂದುವರಿದೆವು. ಮಾತೂ ಮರಳಿತು.

ಆ ಮಾತೇ ಅಳತೆಗೋಲು. ಮಾತನಾಡಲು ಸಾಧ್ಯ, ಹಾಡಲು ಅಸಾಧ್ಯ ಎನ್ನುವಷ್ಟು ಉಸಿರು ಏರಿದ್ದರೆ ಅದು ಸಾಧಾರಣ ಶ್ರಮ. ಎರಡು ಮೂರು ಶಬ್ದಗಳಿಗೇ ಉಸಿರು ಕಟ್ಟಿದರೆ ಅದು ತೀವ್ರ ಶ್ರಮ. ಹೊಸದಾಗಿ ಆರಂಭಿಸುವವರಿಗೆ ಮೊದಲನೆಯದೇ ಸಾಕು. ಇದನ್ನು ಅರಿಯಲು ಯಾವ ಯಂತ್ರವೂ ಬೇಡ, ಪಕ್ಕದಲ್ಲಿ ಒಬ್ಬ ಗೆಳೆಯನಿದ್ದರೆ ಸಾಕು.

ಚಳಿಗಾಲದಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಚಳಿಗೆ ಚರ್ಮದ ಕೆಳಗಿನ ರಕ್ತನಾಳಗಳು ಸಂಕುಚಿತಗೊಂಡು ರಕ್ತದೊತ್ತಡ ಏರುತ್ತದೆ. ಹೃದಯದ ಕೆಲಸ ಹೆಚ್ಚುತ್ತದೆ. ತಣ್ಣನೆಯ ಒಣಗಾಳಿ ಉಬ್ಬಸವುಳ್ಳವರ ಶ್ವಾಸನಾಳಗಳನ್ನು ಬಿಗಿಗೊಳಿಸಬಲ್ಲದು. ಜೊತೆಗೆ, ರಾತ್ರಿ ನೆಲ ತಣಿದಾಗ ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಕೆಳಗೇ ಉಳಿಯುತ್ತದೆ. ವಾಹನಗಳ ಹೊಗೆ, ಕಸ ಸುಟ್ಟ ಹೊಗೆ ಅದರಲ್ಲಿ ಸಿಕ್ಕಿಕೊಂಡು, ಬಿಸಿಲೇರಿ ನೆಲ ಕಾದ ಮೇಲೆಯೇ ಚದುರುತ್ತವೆ. ಜನವರಿಯಲ್ಲಿ ಧಾರವಾಡದಲ್ಲಿ ಸೂರ್ಯ ಮೂಡುವುದೇ ಏಳು ಗಂಟೆಯ ಸುಮಾರಿಗೆ. ಆದುದರಿಂದ ನಸುಕಿನಲ್ಲಿ ಧಾವಿಸದೆ, ಇಷ್ಟಲಿಂಗ ಪೂಜೆಯನ್ನು ಶಾಂತವಾಗಿ ಪೂರೈಸಿ, ಎಳೆಬಿಸಿಲು ಬಂದ ಮೇಲೆ ಹೊರಡುವುದು ಲೇಸು. ಮೊದಲ ಹತ್ತು ನಿಮಿಷ ನಿಧಾನವಾಗಿ ತುಳಿದು ಮೈ ಬೆಚ್ಚಗಾಗಲು ಬಿಡಬೇಕು. ಚಳಿಯಲ್ಲಿ ಬಾಯಾರಿಕೆ ತಿಳಿಯದಿದ್ದರೂ ನೀರು ಕುಡಿಯಬೇಕು.

ಹೊಸ ಸೈಕಲ್ಲನ್ನೂ ದೇಹಕ್ಕೆ ಹೊಂದಿಸಿಕೊಳ್ಳಬೇಕು. ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಅದನ್ನು ಪೂರ್ತಿ ಕೆಳಗೆ ತಂದಾಗ ಕಾಲು ನೇರವಾಗುವಷ್ಟು ಸೀಟು ಎತ್ತರವಿರಲಿ. ಸೀಟು ತೀರ ತಗ್ಗಾದರೆ ಮೊಣಕಾಲಿನ ಮೇಲೆ ಒತ್ತಡ ಬೀಳುತ್ತದೆ. ಟಯರಿನ ಬದಿಯಲ್ಲಿ ಮುದ್ರಿಸಿದ ಮಿತಿಯೊಳಗೆ ಗಾಳಿ ತುಂಬಿಸಬೇಕು. ಡಿಸ್ಕ್ ಬ್ರೇಕ್ ಹೊಸದಾಗಿದ್ದಾಗ ಪೂರ್ಣ ಬಿಗಿಯಾಗಿ ಹಿಡಿಯುವುದಿಲ್ಲ. ಖಾಲಿ ರಸ್ತೆಯಲ್ಲಿ ಹತ್ತಿಪ್ಪತ್ತು ಸಲ ಹಿಡಿದು ಬಿಟ್ಟು ಪಳಗಿಸಿಕೊಂಡ ಬಳಿಕವೇ ಸಂದಣಿಗೆ ಇಳಿಯಬೇಕು. ಹೆಲ್ಮೆಟ್, ಹಿಂಬದಿಯ ಕೆಂಪು ದೀಪ ಕಡ್ಡಾಯವೆಂದೇ ತಿಳಿಯೋಣ.

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರಿಗೆ ವ್ಯಾಯಾಮದ ವೇಳೆ ಸಕ್ಕರೆ ಮಟ್ಟ ತೀರ ಕುಸಿಯಬಹುದು. ಅಂಥವರು ವೈದ್ಯರನ್ನು ಕೇಳಿ ಆರಂಭಿಸಬೇಕು, ಕಿಸೆಯಲ್ಲಿ ಗ್ಲೂಕೋಸ್ ಅಥವಾ ಸಕ್ಕರೆ ಇಟ್ಟುಕೊಳ್ಳಬೇಕು. ಕೈ ನಡುಕ, ತಣ್ಣನೆಯ ಬೆವರು, ಗೊಂದಲ ಕಂಡರೆ ಕೂಡಲೇ ನಿಂತು ಅದನ್ನು ಸೇವಿಸಬೇಕು. ಎದೆ ಬಿಗಿತವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇಂಥ ಗಳಿಗೆಯಲ್ಲಿ ಜೊತೆಗಾರನ ಬೆಲೆ ತಿಳಿಯುತ್ತದೆ.

ಜೊತೆಯೆಂದರೆ ರಸ್ತೆಯನ್ನೆಲ್ಲ ಆಕ್ರಮಿಸುವುದಲ್ಲ. ಸಂದಣಿಯಲ್ಲಿ ಎಡಬದಿಗೆ ಒಬ್ಬರ ಹಿಂದೊಬ್ಬರು ಸಾಗಬೇಕು. ಹುಬ್ಬಳ್ಳಿ–ಧಾರವಾಡ ರಸ್ತೆಯ ನಡುವಿನ ಚಿಗರಿ ಬಸ್ಸುಗಳ ಪಥದೊಳಗೆ ಎಂದಿಗೂ ಪ್ರವೇಶಿಸಬಾರದು. ಇಬ್ಬರಲ್ಲಿ ನಿಧಾನ ಯಾರೋ ಅವರು ಮುಂದಿರಲಿ. ಆಗ ಹಿಂದುಳಿದವರು ಅವಸರದಿಂದ ಬೆನ್ನಟ್ಟುವ ಪ್ರಸಂಗ ಬರುವುದಿಲ್ಲ.

ಹೊಸ ಸೈಕಲ್ಲಿನ ಹೊಳಪು ಕೆಲವು ವಾರಗಳದ್ದು. ಅದು ಮಾಸಿದ ಮೇಲೆ ಎಷ್ಟೋ ಸೈಕಲ್ಲುಗಳು ಬಟ್ಟೆ ಒಣಹಾಕುವ ಆಸರೆಯಾಗುತ್ತವೆ. ಬಾಗಿಲಲ್ಲಿ ಗೆಳೆಯರೊಬ್ಬರು ಕಾಯುತ್ತಿದ್ದಾರೆ ಎಂಬ ಅರಿವು ಮಾತ್ರ ಚಳಿಯಲ್ಲೂ ನಮ್ಮನ್ನು ಹಾಸಿಗೆಯಿಂದ ಎಬ್ಬಿಸಬಲ್ಲದು. ನೆರೆಯಲ್ಲಿ ಸಕ್ಕರೆಯೋ ರಕ್ತದೊತ್ತಡವೋ ಇರುವವರೊಬ್ಬರು ಒಬ್ಬಂಟಿಯಾಗಿ ಹೊರಡಲು ಹಿಂಜರಿಯುತ್ತಿದ್ದರೆ, ವಾರಕ್ಕೆರಡು ಬೆಳಗು ಅವರ ಜೊತೆ ಸಾಗೋಣ. ಸಮಯವನ್ನು ಹೀಗೆ ನೀಡುವುದೂ ದಾಸೋಹವೇ.