ಉರಿಗಾಮಿನ ಕತ್ತಲೆಯೂ ಒಂದು ತಾರೆಯ ಅಳಿವೂ

ಬಂಗಾರಪೇಟೆಯಿಂದ ಮಾರಿಕುಪ್ಪದ ರೈಲನ್ನೇರಿ ಉರಿಗಾಮಿನಲ್ಲಿ ಇಳಿದವನ ಕಣ್ಣಿಗೆ ಬೀಳುವುದು ಸಯನೈಡ್ ದಿಬ್ಬಗಳ ಸಾಲು. ಬಂಗಾರವನ್ನು ತೆಗೆದುಕೊಂಡ ಮೇಲೆ ಉಳಿದ ಮಣ್ಣು ಅದು. ಕಳೆದ ಸಲ ನನ್ನೊಡನಿದ್ದ ವಿದ್ಯಾರ್ಥಿಯೊಬ್ಬ, “ಇಷ್ಟು ಆಳ ತೋಡಿದ್ದಕ್ಕೆ ಉಳಿದದ್ದು ಇಷ್ಟೇನೆ, ಸಾರ್?” ಎಂದು ಕೇಳಿದ. ಆಗ ನನಗೆ ಉತ್ತರ ಹೊಳೆಯಲಿಲ್ಲ. ಈಗ ಹೇಳಲು ಯತ್ನಿಸುತ್ತೇನೆ. ಅದಕ್ಕೆ ಕೊಂಚ ದೂರದಿಂದ ಬರಬೇಕು.

ಸುಮಾರು 70 ಕೋಟಿ ಜ್ಯೋತಿರ್ವರ್ಷಗಳಾಚೆ ತಾರೆಯೊಂದು ಬೃಹತ್ತಾದ ಕಪ್ಪುಕುಳಿಯ ಸಮೀಪಕ್ಕೆ ಸುಳಿಯಿತು. ಹತ್ತಿರದ ಮಗ್ಗುಲಿಗೆ ಸೆಳೆತ ಹೆಚ್ಚು, ದೂರದ ಮಗ್ಗುಲಿಗೆ ಕಡಿಮೆ. ಈ ಅಂತರವೇ ತಾರೆಯನ್ನು ಎಳೆ ಎಳೆಯಾಗಿ ಹರಿದುಹಾಕಿತು. ಅದರ ಬೆಳಕು ನಮಗೆ ಕಂಡದ್ದು 2019ರ ಏಪ್ರಿಲಿನಲ್ಲಿ. ಇಂಥ ದುರಂತದಲ್ಲಿ ಹೊರಚಿಮ್ಮುವ ದ್ರವ್ಯವು ಸುತ್ತಲಿನ ಅನಿಲಕ್ಕೆ ಬಡಿಯುತ್ತದೆ. ಎಲೆಕ್ಟ್ರಾನುಗಳು ವೇಗಗೊಂಡು ಕಾಂತಕ್ಷೇತ್ರದಲ್ಲಿ ಸುರುಳಿ ಸುತ್ತುತ್ತ ರೇಡಿಯೊ ಅಲೆಗಳನ್ನು ಸೂಸುತ್ತವೆ. ಬೆಳಕು ಕುಂದಿದ ಮೇಲೂ ಆ ಅಲೆಗಳು ತಿಂಗಳುಗಟ್ಟಲೆ ಬರುತ್ತಿದ್ದವು. ಅಕ್ಟೋಬರ್ 1ರಂದು ದಕ್ಷಿಣ ಧ್ರುವದ ಹಿಮದಡಿಯ ಐಸ್‌ಕ್ಯೂಬ್ ಉಪಕರಣವು ಅದೇ ದಿಕ್ಕಿನಿಂದ ಬಂದ ನ್ಯೂಟ್ರಿನೊ ಒಂದನ್ನು ಗುರುತಿಸಿತು. ಎರಡಕ್ಕೂ ನಂಟುಂಟೆಂದು 2021ರಲ್ಲಿ ವಿಜ್ಞಾನಿಗಳು ವಾದಿಸಿದರು. ಕಾಕತಾಳೀಯವಿರಬಹುದೆಂಬ ಸಂಶಯ ಪೂರ್ತಿ ನೀಗಿಲ್ಲ.

ನ್ಯೂಟ್ರಿನೊ ಭೂಮಿಯನ್ನೇ ತೂರಿ ಹೋಗಬಲ್ಲದು. ಎಲ್ಲೋ ಅಪರೂಪಕ್ಕೊಮ್ಮೆ ಸಿಕ್ಕಿಬೀಳುತ್ತದೆ. ಅದನ್ನು ಹಿಡಿಯಬೇಕಾದರೆ ವಿಶ್ವಕಿರಣಗಳ ಗದ್ದಲದಿಂದ ದೂರ, ಬಂಡೆಯ ಮರೆಗೆ ಇಳಿಯಬೇಕು. ಅಂಥ ಮರೆ ಉರಿಗಾಮಿನ ನೆರೆಯಲ್ಲೇ ಇತ್ತು. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ 2.3 ಕಿಲೋಮೀಟರ್ ಕೆಳಗೆ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹ್ಯಾಮ್‌ಗಳ ವಿಜ್ಞಾನಿಗಳು ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಸುಳಿವನ್ನು ಪಡೆದರು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿಯೂ ಅವು ಸಿಕ್ಕವು. ಪ್ರಕೃತಿಯಲ್ಲಿ ಹುಟ್ಟಿದ ನ್ಯೂಟ್ರಿನೊ ಮನುಷ್ಯನಿಗೆ ಸಿಕ್ಕಿದ್ದು ಅದೇ ಮೊದಲು.

2001ರಲ್ಲಿ ಗಣಿ ಮುಚ್ಚಿತು. ಪಂಪುಗಳು ನಿಂತವು, ಸುರಂಗಗಳಲ್ಲಿ ನೀರೇರಿತು. ಆ ಆಳವನ್ನು ತೋಡಿದವರು ತಲೆಮಾರುಗಳ ಕೂಲಿಗಾರರು. ಬಂಡೆ ಸಿಡಿದು ಸತ್ತವರೂ, ದೂಳಿನಿಂದ ಪುಪ್ಪುಸ ಕಳೆದುಕೊಂಡವರೂ ಅವರಲ್ಲಿದ್ದರು. ಅವರು ತೋಡಿದ್ದು ಚಿನ್ನಕ್ಕಾಗಿ. ಆದರೂ ಆಕಾಶದ ಒಂದು ಕಿಟಕಿ ಮೊದಲು ತೆರೆದದ್ದು ಅವರ ಸುತ್ತಿಗೆಯ ಏಟಿನಿಂದಲೇ.

ಆ ಹುಡುಗನನ್ನು ಮತ್ತೊಮ್ಮೆ ಕರೆದೊಯ್ಯಬೇಕು. ಈ ಸಲ ದಿಬ್ಬದ ಮುಂದೆ ನಿಲ್ಲದೆ, ಚಾಂಪಿಯನ್ ನಿಲ್ದಾಣದವರೆಗೂ ಹೋಗಬೇಕು.