ನಡೆದು ಬಂದ ದಾರಿ ನಮ್ಮೊಳಗಿದೆ

ಶಿಡ್ಲಘಟ್ಟದ ಸಮೀಪದ ಹಳ್ಳಿಯೊಂದರಲ್ಲಿ ರೇಷ್ಮೆ ಬೆಳೆಯುವ ಕುಟುಂಬವೊಂದನ್ನು ಈಚೆಗೆ ಭೇಟಿಯಾಗಿದ್ದೆ. ಹುಳುಮನೆಯಲ್ಲಿ ಹುಳುಗಳು ನಾಲ್ಕನೆಯ ಜ್ವರದಿಂದ ಎದ್ದಿದ್ದವು. ತಾಯಿ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದರು. ತಂದೆ ಮಗನ ಮೇಲೆ ಮುನಿಸಿಕೊಂಡಿದ್ದರು. ಮೇಲಿನ ಓದಿಗೆ ಬ್ಯಾಂಕಿನಿಂದ ಸಾಲ ತೆಗೆಯೋಣವೆಂದು ಮಗ ಕೇಳಿದ್ದನಂತೆ, ತಂದೆ ಸಿಡಿದೆದ್ದರಂತೆ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. “ಹಿಂದೆ ಸಾಲ ಮಾಡಿ ಬೆಳೆ ಕೈಬಿಟ್ಟು ನಾವು ಪಟ್ಟ ಪಾಡು ನಮಗೇ ಗೊತ್ತು ಸ್ವಾಮಿ. ಅದನ್ನೆಲ್ಲ ಮಗನಿಗೆ ಏಕೆ ಹೇಳಬೇಕು?” ಎಂದರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಹೇಳದೆ ಬಿಟ್ಟ ಮಾತ್ರಕ್ಕೆ ಹಿಂದಿನದು ಅಳಿದುಹೋಗುವುದೇ? ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಮನುಷ್ಯನ ಶೀಲವು ಪದೇ ಪದೇ ಮಾಡಿದ ಕ್ರಿಯೆಗಳಿಂದ ರೂಪುಗೊಳ್ಳುತ್ತದೆ ಎಂದು ಬೋಧಿಸಿದನು. ಸಂತ ಅಗಸ್ಟೀನರು ತಮ್ಮ ಆತ್ಮಕಥನದ ಹತ್ತನೆಯ ಭಾಗದಲ್ಲಿ ಸ್ಮರಣೆಯ ವಿಚಾರವನ್ನು ವಿಸ್ತಾರವಾಗಿ ಚಿಂತಿಸಿದರು. ಹುಳು ತಿನ್ನುವುದು ಸೊಪ್ಪನ್ನು, ನೂಲುವುದು ರೇಷ್ಮೆಯನ್ನು. ಆದರೆ ಹುಳುವಿಗೆ ಬೇರೆ ದಾರಿಯಿಲ್ಲ, ಮನುಷ್ಯನಿಗಿದೆ. ಒಂದೇ ಮನೆಯಲ್ಲಿ ಒಂದೇ ಬಡತನವನ್ನು ಉಂಡು ಬೆಳೆದ ಅಣ್ಣತಮ್ಮಂದಿರಲ್ಲಿ ಒಬ್ಬನು ಜಿಪುಣನಾಗುತ್ತಾನೆ, ಮತ್ತೊಬ್ಬನು ಉದಾರಿಯಾಗುತ್ತಾನೆ. ಆದುದರಿಂದ ಅನುಭವವೊಂದೇ ನಮ್ಮನ್ನು ರೂಪಿಸುವುದಿಲ್ಲ. ಅದಕ್ಕೆ ನಾವು ನೀಡುವ ಉತ್ತರವೂ ರೂಪಿಸುತ್ತದೆ.

ಇದಕ್ಕೆ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ 1920ರಲ್ಲಿ ಜನಿಸಿದ ಡಾ. ಎಚ್. ನರಸಿಂಹಯ್ಯನವರು 1935ರಲ್ಲಿ, ಪ್ರಯಾಣಕ್ಕೆ ಹಣವಿಲ್ಲದೆ, ಬೆಂಗಳೂರಿನವರೆಗೆ ನಡೆದೇ ಹೋಗಿ ನ್ಯಾಷನಲ್ ಹೈಸ್ಕೂಲು ಸೇರಿದರು. 1942ರ ಚಳವಳಿಯಲ್ಲಿ ಓದು ಬಿಟ್ಟು ಸೆರೆಮನೆ ಕಂಡರು. ಮುಂದೆ ಅಮೆರಿಕದ ಒಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ಇಷ್ಟಾದರೂ ಖಾದಿಯುಟ್ಟು, ಕಾಲೇಜಿನ ವಿದ್ಯಾರ್ಥಿನಿಲಯದ ಕೊಠಡಿಯಲ್ಲಿಯೇ ಬಾಳಿ, 2005ರಲ್ಲಿ ತೀರಿಕೊಂಡರು. ಆ ದೂರವನ್ನು ನಡೆದ ಕಾಲುಗಳು ಸುಖವನ್ನು ಬೇಡಬಹುದಾಗಿತ್ತು. ಆದರೆ ಅವರು ಗ್ರಾಮೀಣ ಮಕ್ಕಳು ದೂರ ನಡೆಯಬೇಕಾಗದಂತೆ ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ಕಾಲೇಜುಗಳು ತಲೆಯೆತ್ತಲು ದುಡಿದರು. ಅವರು ವಿಚಾರವಾದಿಗಳು, ದೈವನಂಬಿಕೆಯ ವಿಷಯದಲ್ಲಿ ಅವರ ದಾರಿ ಬೇರೆ, ನಮ್ಮ ದಾರಿ ಬೇರೆ. ಆದರೆ ತಾನುಂಡ ಕೊರತೆಯನ್ನು ಪರರ ಪಾಲಿಗೆ ಹಿತವಾಗಿ ಮಾರ್ಪಡಿಸಿದ ಅವರ ಬಾಳಿಗೆ ಯಾರೂ ತಲೆಬಾಗಬೇಕು.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಜನಿಸಿದ ಸರ್ ಎಂ. ವಿಶ್ವೇಶ್ವರಯ್ಯನವರೂ ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡವರು. ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳಿ ತಮ್ಮ ಓದನ್ನು ಸಾಗಿಸಿದವರು. 1912ರಲ್ಲಿ ದಿವಾನರಾದ ಮೇಲೆ ಅವರು ವಿದ್ಯಾಪ್ರಸಾರಕ್ಕೆ ವಿಶೇಷ ಗಮನವಿತ್ತರು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಇನ್ನು ಚಿಂತಾಮಣಿಯ ಕಡೆಗೆ ಬಂದರೆ, ಕೈವಾರದ ನಾರಾಯಣಪ್ಪನವರು ಬಳೆ ವ್ಯಾಪಾರ ಮಾಡಿದವರು. ಬಳೆ ಹೊತ್ತು ಜನರ ನಡುವೆ ತಿರುಗಿದವರು ಮುಂದೆ ಅದೇ ಜನರ ತೆಲುಗು, ಕನ್ನಡ ನುಡಿಗಳಲ್ಲಿ ತತ್ತ್ವವನ್ನು ಹಾಡಿದರು.

ಪವಿತ್ರ ಗ್ರಂಥದ ಆದಿಕಾಂಡದಲ್ಲಿ ಜೋಸೆಫನ ಕಥೆಯನ್ನು ಓದುತ್ತೇವೆ. ಅಣ್ಣಂದಿರೇ ಅವನನ್ನು ಮಾರಿದರು. ಪರದೇಶದಲ್ಲಿ ಸೆರೆಮನೆಯನ್ನೂ ಕಂಡನು. ಮುಂದೆ ಏಳಿಗೆ ಪಡೆದಾಗ ಚೊಚ್ಚಲ ಮಗನಿಗೆ ಮರೆವನ್ನು ಸೂಚಿಸುವ ಹೆಸರನ್ನೂ, ಎರಡನೆಯವನಿಗೆ ಸಂಕಟದ ನಾಡಿನಲ್ಲಿ ಫಲಿಸಿದ್ದನ್ನು ಸೂಚಿಸುವ ಹೆಸರನ್ನೂ ಇಟ್ಟನು. ಆದರೆ ಕ್ಷಾಮದ ಕಾಲದಲ್ಲಿ ಅಣ್ಣಂದಿರು ಧಾನ್ಯಕ್ಕಾಗಿ ಬಂದು ನಿಂತಾಗ ಅವನು ಮರೆಯಲ್ಲಿ ಅತ್ತನು. ಮರೆತೆನೆಂದುಕೊಂಡದ್ದು ಮರೆತಿರಲಿಲ್ಲ. ಅವರೆದುರು ತಾನು ಯಾರೆಂದು ಬಾಯಿಬಿಟ್ಟು ಹೇಳಿದ ಮೇಲೆಯೇ ಆ ಮನೆತನ ಮತ್ತೆ ಒಂದಾಯಿತು. ನೋವಿನಿಂದ ಫಲ ದೊರೆತದ್ದು ಮರೆವಿನಿಂದಲ್ಲ, ಕ್ಷಮೆಯಿಂದ.

ನಮ್ಮ ಮನೆಗಳಲ್ಲಿಯೂ ಹೀಗೆಯೇ. ಹೇಳದೆ ಉಳಿದ ನೋವು ಸುಮ್ಮನಿರುವುದಿಲ್ಲ. ಅದು ಸಿಡುಕಾಗಿ, ಅಪನಂಬಿಕೆಯಾಗಿ ಹೊರಬರುತ್ತದೆ. ಮಕ್ಕಳಿಗೆ ತಂದೆಯ ಕೋಪ ಕಾಣುತ್ತದೆ, ಕೋಪದ ಹಿಂದಿನ ಕಥೆ ಕಾಣುವುದಿಲ್ಲ. ಕಷ್ಟವನ್ನು ಮಕ್ಕಳಿಗೆ ಕೊಡಬಾರದೆಂಬುದು ಸರಿ. ಕಷ್ಟದಿಂದ ಕಲಿತದ್ದನ್ನೂ ಕೊಡದಿರುವುದು ಸರಿಯೇ? ಹಾಗೆಂದು ದಿನವೂ ಹಿಂದಿನದನ್ನು ಎತ್ತಿ ಆಡಿ ಅವರನ್ನು ಋಣದ ಭಾರಕ್ಕೆ ಒಳಪಡಿಸುವುದೂ ತರವಲ್ಲ. ಒಮ್ಮೆ, ಪ್ರೀತಿಯಿಂದ, ಇದ್ದುದನ್ನು ಇದ್ದಂತೆ ಹೇಳಿದರೆ ಸಾಕು.

ಆ ತಂದೆ ಒಂದು ಸಂಜೆ ಮಗನನ್ನು ಹುಳುಮನೆಗೆ ಕರೆದು, ಚಂದ್ರಿಕೆಗಳ ನಡುವೆ ಕುಳಿತು ಎಲ್ಲವನ್ನೂ ಹೇಳಿದರಂತೆ. ಸಾಲದ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಆದರೆ ಬೆಳಗಿನ ಜಾವ ಸೊಪ್ಪು ಕೊಯ್ಯಲು ಈಗ ಇಬ್ಬರೂ ಜೊತೆಯಲ್ಲಿ ಹೋಗುತ್ತಿದ್ದಾರೆ. ಪ್ರಿಯ ಓದುಗರೇ, ಈ ವಾರ ರಾತ್ರಿ ಊಟವಾದ ಮೇಲೆ ನಿಮ್ಮ ಮನೆಯಲ್ಲಿಯೂ ಹೇಳಬೇಕಾದ ಇಂತಹ ಕಥೆಯೊಂದು ಉಳಿದಿದೆಯೇ ಎಂದು ಯೋಚಿಸಿರಿ.