ಇಟ್ಟಿಗೆ ತಾನೇ ನಡೆಯತೊಡಗಿದ್ದು

ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಕಡೆ ತೋಟದವರಿಗೆ ಪಂಪ್‌ಸೆಟ್ಟಿನ ಆಟೋ ಸ್ಟಾರ್ಟರ್ ಹೊಸದೇನಲ್ಲ. ತ್ರೀಫೇಸ್ ಕರೆಂಟು ಯಾವ ಸರಿಹೊತ್ತಿನಲ್ಲಿ ಬಂದರೂ ಡಬ್ಬಿ ಅದನ್ನು ಗುರುತಿಸಿ ಮೋಟರು ಚಾಲೂ ಮಾಡುತ್ತದೆ. ರೈತ ಮನೆಯಲ್ಲಿ ಮಲಗಿರಬಹುದು. ರೋಬಾಟಿನ ಬಂಡವಾಳವೂ ಇದೇ: ಸುತ್ತಲಿನದನ್ನು ಅರಿತು, ತೀರ್ಮಾನಿಸಿ, ಮೋಟರು ತಿರುಗಿಸುವುದು. ಮಕ್ಕಳಾಟದ ಪ್ಲಾಸ್ಟಿಕ್ ಇಟ್ಟಿಗೆಗೆ ಇಷ್ಟನ್ನು ಕಲಿಸಲು 40 ವರ್ಷ ಹಿಡಿಯಿತು.

ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಊರಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯನ್‌ಸನ್ 1932ರಲ್ಲಿ ಮರದ ಆಟಿಕೆಗೆ ಕೈಹಾಕಿದರು. (ಚನ್ನಪಟ್ಟಣದವರಿಗೆ ಈ ಕಸುಬಿನ ಕಷ್ಟಸುಖ ಹೇಳಬೇಕಿಲ್ಲ.) ಆಮೇಲೆ ಪ್ಲಾಸ್ಟಿಕ್ ಬಂತು. ಒತ್ತಿದರೆ ಕಚ್ಚಿಕೊಳ್ಳಬೇಕು, ಮಗು ಎಳೆದರೆ ಬಿಟ್ಟುಕೊಡಬೇಕು. ತಲೆಯ ಮೇಲೆ ಗುಬುಟು, ಹೊಟ್ಟೆಯೊಳಗೆ ಕೊಳವೆ ಇರುವ, ಇವರ ಲೆಗೊ ಕಂಪನಿಯ ಇಟ್ಟಿಗೆಯ ಪೇಟೆಂಟಿಗೆ ಮಗ ಗಾಡ್‌ಫ್ರೆಡ್ ಅರ್ಜಿ ಹಾಕಿದ್ದು 1958ರ ಜನವರಿ 28ರಂದು. ಅಂದಿನ ಇಟ್ಟಿಗೆ ಇಂದಿನದರ ಮೇಲೂ ಸರಿಯಾಗಿ ಕೂರುತ್ತದೆ.

ಅದಕ್ಕೆ ಬುದ್ಧಿ ಬಂದದ್ದು ಅಮೆರಿಕದ ಎಂಐಟಿಯಿಂದ. ಎಳವೆಯಲ್ಲೇ ಯಂತ್ರದ ಗೇರುಗಳ ಹುಚ್ಚು ಹತ್ತಿದ್ದ ಅಲ್ಲಿನ ಗಣಿತಜ್ಞ ಸೇಮರ್ ಪ್ಯಾಪರ್ಟ್, 1967ರಲ್ಲಿ ಸಂಗಡಿಗರ ಜೊತೆ ಮಕ್ಕಳಿಗಾಗಿ ‘ಲೋಗೊ’ ಎಂಬ ಕಂಪ್ಯೂಟರ್ ಭಾಷೆ ರೂಪಿಸಿದ್ದರು. ಲೆಗೊದ ಮೂರನೆಯ ತಲೆಮಾರಿನ ಯಜಮಾನರು 1984ರಲ್ಲಿ ಪ್ಯಾಪರ್ಟ್ ಮಾತನ್ನು ಟಿವಿಯಲ್ಲಿ ಕೇಳಿದರು, ನಂಟು ಬೆಳೆಯಿತು. ಮೊದಮೊದಲು ಆಟಿಕೆ ಯಂತ್ರ ಕಣ್ಣಿ ಹಾಕಿದ ಕರುವಿನಂತೆ ಕಂಪ್ಯೂಟರಿನ ವೈರು ಎಟುಕುವಷ್ಟೇ ದೂರ ಓಡಾಡುತ್ತಿತ್ತು. 1998ರಲ್ಲಿ ಕಂಪ್ಯೂಟರೇ ಇಟ್ಟಿಗೆಯೊಳಗೆ ಸೇರಿತು. ಸೆನ್ಸರಿಗೆ 3 ಕಿಂಡಿ, ಮೋಟರಿಗೆ 3 ಕಿಂಡಿ, ಒಳಗೆ ಬ್ಯಾಟರಿ. ಪ್ಯಾಪರ್ಟ್ 1980ರಲ್ಲಿ ಬರೆದ ಪುಸ್ತಕದ ಹೆಸರನ್ನೇ ಅದಕ್ಕೂ ಇಟ್ಟರು: ಮೈಂಡ್‌ಸ್ಟಾರ್ಮ್ಸ್.

ನನಗೆ ಸ್ವಾರಸ್ಯವೆನಿಸುವುದು ಇಲ್ಲಿಂದ ಮುಂದೆ. ಮಾರುಕಟ್ಟೆಗೆ ಬಂದ ಕೆಲವೇ ವಾರಗಳಲ್ಲಿ ಸ್ಟ್ಯಾನ್‌ಫರ್ಡಿನ ವಿದ್ಯಾರ್ಥಿ ಕೆಕೋವಾ ಪ್ರೌಡ್‌ಫುಟ್ ಇಟ್ಟಿಗೆಯ ಒಳಗುಟ್ಟನ್ನೆಲ್ಲ ಬಿಡಿಸಿ ಊರಿಗೇ ಹಂಚಿಬಿಟ್ಟರು. ಬೇರೊಬ್ಬರು ಅದಕ್ಕೆ ಹೊಸ ಆಪರೇಟಿಂಗ್ ಸಿಸ್ಟಮ್ಮನ್ನೇ ಬರೆದರು. ಕಂಪನಿ ಕೋರ್ಟಿಗೆ ಹೋಗಬಹುದಿತ್ತು. ಯೋಚಿಸಿ, ತಿದ್ದಿಕೊಳ್ಳುವ ಹಕ್ಕನ್ನೇ ಪರವಾನಗಿಯಲ್ಲಿ ಬರೆದುಕೊಟ್ಟಿತು. ಮುಂದಿನ ಮಾದರಿ ಎನ್‌ಎಕ್ಸ್‌ಟಿ 2006ರಲ್ಲಿ ಬರುವ ಮೊದಲು ನಾಲ್ವರು ಹವ್ಯಾಸಿಗಳನ್ನು ಗುಟ್ಟಾಗಿ ಸಲಹೆಗೆ ಕೂರಿಸಿಕೊಂಡಿತು. ಅವರೋ ಡೆನ್ಮಾರ್ಕಿಗೆ ವಿಮಾನದ ಟಿಕೆಟ್ಟನ್ನೂ ತಮ್ಮ ಜೇಬಿನಿಂದಲೇ ಕೊಟ್ಟುಕೊಂಡವರು! ಬಳಸುವವರಿಗೆ ಬಿಚ್ಚಲು ಬಿಟ್ಟದ್ದರಿಂದಲೇ ಈ ಇಟ್ಟಿಗೆ ಆಟಿಕೆಯ ಅಂಗಡಿ ದಾಟಿತು ಎಂದು ನನ್ನ ಎಣಿಕೆ. 2014ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಭಾರತೀಯ ಮೂಲದ 12ರ ಹುಡುಗ ಶುಭಂ ಬ್ಯಾನರ್ಜಿ, ಸುಮಾರು 350 ಡಾಲರಿನ ಮೈಂಡ್‌ಸ್ಟಾರ್ಮ್ಸ್ ಪೆಟ್ಟಿಗೆಯಿಂದಲೇ ಬ್ರೈಲ್ ಮುದ್ರಣಯಂತ್ರ ಕಟ್ಟಿದ. ಅಂಗಡಿಯಲ್ಲಿ ಅಂಥ ಯಂತ್ರಕ್ಕೆ ಆಗ 2,000 ಡಾಲರಿಗೂ ಮೇಲಿತ್ತು.

ನಮ್ಮ ಹಳ್ಳಿಯ ಮನೆಗಳಿಗೆ ಆ ಪೆಟ್ಟಿಗೆಯ ಬೆಲೆಯೂ ಎಟುಕುವಂಥದ್ದಾಗಿರಲಿಲ್ಲ. 2022ರ ಕೊನೆಗೆ ಲೆಗೊ ಮೈಂಡ್‌ಸ್ಟಾರ್ಮ್ಸ್ ನಿಲ್ಲಿಸಿದಾಗ ಇಲ್ಲಿ ಯಾರೂ ಅಳಲಿಲ್ಲ. ನಮ್ಮ ಮಕ್ಕಳಿಗೆ ಬೇರೆ ದಾರಿಯಿದೆ: 2016ರಲ್ಲಿ ಶುರುವಾದ ಕೇಂದ್ರದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ 6ರಿಂದ 12ನೇ ತರಗತಿಯವರಿಗೆ ಸೆನ್ಸರು, ಸಣ್ಣ ಮೋಟರು, ಆರ್ಡುಯಿನೊ ಎಂಬ ಪುಟಾಣಿ ಕಂಪ್ಯೂಟರ್ ಬೋರ್ಡು ಸಿಗುತ್ತವೆ. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ. ಅರ್ಧ ಹಣ ಲ್ಯಾಬು ಕಟ್ಟಲು, ಉಳಿದರ್ಧ ಐದು ವರ್ಷದವರೆಗಿನ ಖರ್ಚಿಗೆ. ಹಾಗಾಗಿ ಮಕ್ಕಳು ಬಿಚ್ಚಿ ಜೋಡಿಸುವಾಗ ಒಂದೆರಡು ಮೋಟರು ಸುಟ್ಟರೆ ಮೇಷ್ಟ್ರು ಹೆದರಬೇಕಿಲ್ಲ, ಬೀರುವಿಗೆ ಬೀಗ ಜಡಿಯಬೇಕಿಲ್ಲ.